ಸೆರೆಯಿಂದ ಮರಳಿದವನಿಗೆ ಒತ್ತಾಸೆ

ಸೆರೆಮನೆಯಲ್ಲಿ ಶಿಕ್ಷೆಯನ್ನನುಭವಿಸಿ ಹೊರಬಂದ ಮನುಷ್ಯನ ವಿಷಯದಲ್ಲಿ ನಮ್ಮ ಸಭ್ಯಸಮಾಜವು ತಳೆದಿರುವ ಅಭಿಪ್ರಾಯವು ಎರಡು ಮಾತುಗಳಲ್ಲಿ ಅಡಗಿದೆ. ಹುಟ್ಟುಗುಣ ಸುಟ್ಟರೂ ಹೋಗದಾದ್ದರಿಂದ ಅಂಥವನನ್ನು ತಿದ್ದಹೊರಡುವುದು ವ್ಯರ್ಥವೆಂಬುದು ಮೊದಲನೆಯದು. ತಿದ್ದಲೇಬೇಕೆಂದಾದರೆ ಅದು ಸರ್ಕಾರದ ಕೆಲಸವೇ ಹೊರತು ಹೆಂಡತಿ ಮಕ್ಕಳೊಡನೆ ಮಾನವಾಗಿ ಬಾಳುವ ಗೃಹಸ್ಥರ ಕೆಲಸವಲ್ಲವೆಂಬುದು ಎರಡನೆಯದು. ಇವೆರಡನ್ನೂ ಒಂದೇ ಉಸಿರಿನಲ್ಲಿ ನುಡಿಯುವವರಿಗೆ ಅವು ಪರಸ್ಪರ ವಿರುದ್ಧವೆಂಬುದು ಕೂಡ ಹೊಳೆಯುವುದಿಲ್ಲ. ಯಾರಿಂದಲೂ ತಿದ್ದಲಾಗದವನನ್ನು ಸರ್ಕಾರ ಮಾತ್ರ ತಿದ್ದುವುದೆಂತು? ವಿದ್ಯಾವಂತರು, ದೈವಭಕ್ತಿಯುಳ್ಳವರು, ದಾನಧರ್ಮಗಳಲ್ಲಿ ಎಂದೂ ಹಿಂದೆಗೆಯದವರು ಕೂಡ ಈ ಅಭಿಪ್ರಾಯವನ್ನು ಲೋಕಾನುಭವದ ಸಾರವೆಂಬಂತೆ ಹೇಳುತ್ತ ಬಂದಿದ್ದಾರೆ. ಇದನ್ನು ಖಂಡಿಸದೆ ಸುಮ್ಮನಿದ್ದರೆ ಒಪ್ಪಿದಂತೆಯೇ ಆಗುತ್ತದೆ. ಹೊರಬಂದವನ ಪಕ್ಕದಲ್ಲಿ, ಸಂಬಳವಿಲ್ಲದೆ, ಅಧಿಕಾರವಿಲ್ಲದೆ, ಒಂದೆರಡು ವರ್ಷಗಳ ಕಾಲ ಒತ್ತಾಸೆಯಾಗಿ ನಿಲ್ಲತಕ್ಕ ಸಾಮಾನ್ಯ ನಾಗರಿಕನು ಮಾಡಬಲ್ಲ ಕೆಲಸವನ್ನು ಯಾವ ಸರ್ಕಾರವೂ ಮಾಡಲಾರದು. ಆ ಕೆಲಸವು ದಯೆಯಿಂದ ಮಾಡುವ ಉಪಕಾರವಲ್ಲ, ನಾವು ತೀರಿಸಬೇಕಾದ ಋಣ. ಇದು ನನ್ನ ಪಕ್ಷ.

ಮೊದಲು ವಾಸ್ತವಾಂಶವನ್ನು ನೋಡೋಣ. 2022ನೆಯ ವರ್ಷದ ಕೊನೆಯಲ್ಲಿ ಭಾರತದ ಕಾರಾಗೃಹಗಳಲ್ಲಿ 5,73,220 ಮಂದಿ ಬಂದಿಗಳಿದ್ದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಅವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ಅವರ ಮೇಲಿನ ಆರೋಪವು ನಿಜವೋ ಸುಳ್ಳೋ ಎಂಬುದನ್ನು ಯಾವ ನ್ಯಾಯಾಧೀಶರೂ ಇನ್ನೂ ತೀರ್ಮಾನಿಸಿರಲಿಲ್ಲ. ಜಾಮೀನು ನಿಲ್ಲಲು ಯಾರೂ ದೊರೆಯದೆ, ಅಥವಾ ಜಾಮೀನಿನ ಹಣ ಹೊಂದಿಸಲಾಗದೆ ತಿಂಗಳುಗಟ್ಟಲೆ ಒಳಗಿದ್ದು, ಕೊನೆಗೆ ನಿರ್ದೋಷಿಯೆಂದು ಬಿಡುಗಡೆ ಹೊಂದಿ ಊರಿಗೆ ಮರಳಿದವನನ್ನು ಊರು ಹೇಗೆ ಕಾಣುತ್ತದೆ? 'ಜೈಲಿಗೆ ಹೋಗಿ ಬಂದವನು' ಎಂದೇ. ಅವನಿಗೂ ಬಾಡಿಗೆಗೆ ಮನೆ ಸಿಕ್ಕುವುದಿಲ್ಲ. ಅವನ ತಂಗಿಯ ಸಂಬಂಧವೂ ಮುರಿಯುತ್ತದೆ. ಅಂಗಡಿಯವನು ಅವನಿಗೂ ಉದ್ದರಿ ಕೊಡುವುದನ್ನು ನಿಲ್ಲಿಸುತ್ತಾನೆ. ಇಲ್ಲಿ ಹುಟ್ಟುಗುಣದ ಮಾತೆಲ್ಲಿಂದ ಬಂತು? ನ್ಯಾಯಾಲಯ ವಿಧಿಸದ ಶಿಕ್ಷೆಯನ್ನು ನಾವೇ ವಿಧಿಸಿ, ಅದಕ್ಕೆ ಕೊನೆಯ ದಿನವನ್ನೂ ಗೊತ್ತುಮಾಡದೆ ಬಿಟ್ಟಿದ್ದೇವೆ.

ಅಪರಾಧವು ರಕ್ತದಲ್ಲಿದೆಯೆಂಬ ಸಿದ್ಧಾಂತವನ್ನು ಈ ದೇಶವು ಒಮ್ಮೆ ಕಾಯಿದೆಯಾಗಿಯೇ ಪರೀಕ್ಷಿಸಿ ನೋಡಿದೆ. 1871ರಲ್ಲಿ ಬ್ರಿಟಿಷ್ ಸರ್ಕಾರವು ಹೊರಡಿಸಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು, ಹುಟ್ಟಿದ ಮನೆತನವನ್ನೇ ಅಪರಾಧವೆಂದು ಎಣಿಸಿ, ಇಡಿಯ ಜನಸಮುದಾಯಗಳನ್ನು ಪೊಲೀಸರ ಹಾಜರಿ ಪುಸ್ತಕಕ್ಕೆ ಸೇರಿಸಿ, ಬೇಲಿಯೊಳಗಿನ ವಸತಿಗಳಿಗೆ ತಳ್ಳಿತು. ಹುಬ್ಬಳ್ಳಿಯಲ್ಲಿ ಅಂಥ ವಸತಿಯಿದ್ದ ಬಡಾವಣೆಯನ್ನು ಇಂದಿಗೂ ಜನ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ಸ್ವಾತಂತ್ರ್ಯ ಬಂದಮೇಲೆ 1952ರಲ್ಲಿ ಆ ಕಾಯಿದೆ ರದ್ದಾಯಿತು, ಬೇಲಿ ಬಿತ್ತು. ಹುಟ್ಟುಗುಣದ ಸಿದ್ಧಾಂತವು ನಿಜವಾಗಿದ್ದ ಪಕ್ಷದಲ್ಲಿ ಬೇಲಿ ಬಿದ್ದೊಡನೆ ಸುತ್ತಣ ನಾಡು ಸೂರೆಹೋಗಬೇಕಾಗಿತ್ತು, ಹಾಗೇನೂ ಆಗಲಿಲ್ಲ. ಎಂಬತ್ತು ವರ್ಷಗಳ ಕಾಲ ಸರ್ಕಾರದ ಶಾಸನವಾಗಿದ್ದ ಆ ನಂಬಿಕೆ ಶಾಸನದ ಪುಸ್ತಕದಿಂದ ಹೊರಬಿದ್ದರೂ ನಮ್ಮ ಜಗಲಿಯ ಮಾತಿನಿಂದ ಮಾತ್ರ ಹೊರಬಿದ್ದಿಲ್ಲ.

ನಮ್ಮಲ್ಲಿ ಅಂಗುಲಿಮಾಲನ ಕಥೆಯನ್ನು ಶಾಲೆಯ ಮಕ್ಕಳಿಗೂ ಹೇಳುತ್ತಾರೆ. ಆದರೆ ಬುದ್ಧನ ಮುಂದೆ ಅವನು ಖಡ್ಗವನ್ನೆಸೆದು ಭಿಕ್ಷುವಾದಲ್ಲಿಗೆ ಕಥೆಯನ್ನು ಮುಗಿಸಿಬಿಡುತ್ತಾರೆ. ಪಾಲಿಗ್ರಂಥದಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಭಿಕ್ಷೆಗಾಗಿ ಶ್ರಾವಸ್ತಿಯ ಬೀದಿಗೆ ಹೋದ ಅಂಗುಲಿಮಾಲನ ಮೇಲೆ ಕಲ್ಲುಗಳು ಬೀಳುತ್ತವೆ. ತಲೆಯೊಡೆದು, ಪಾತ್ರೆ ಚೂರಾಗಿ, ಚೀವರ ಹರಿದು, ರಕ್ತ ಸುರಿಸುತ್ತ ಅವನು ಗುರುವಿನ ಬಳಿಗೆ ಮರಳುತ್ತಾನೆ. ಅರಸನಾದ ಪ್ರಸೇನಜಿತನು ಅವನಿಗೆ ಕೈಮುಗಿದದ್ದಾಗಿತ್ತು; ಊರು ಮಾತ್ರ ಒಪ್ಪಿರಲಿಲ್ಲ. ಆ ಹೊತ್ತಿನಲ್ಲಿ, ಸಹಿಸಿಕೋ ಎಂದು ಹೇಳಿ ಕೈಹಿಡಿಯಲು ಒಬ್ಬನಿದ್ದುದರಿಂದಲೇ ಅಂಗುಲಿಮಾಲನು ಖಡ್ಗವಿದ್ದ ಕಾಡಿಗೆ ಹಿಂದಿರುಗಲಿಲ್ಲ. ಪರಿವರ್ತನೆಯೆಂಬುದು ಒಂದು ಕ್ಷಣದಲ್ಲಿ ಆಗಬಹುದು. ಅದು ಉಳಿಯಬೇಕಾದರೆ ಕಲ್ಲು ಬೀಳುವ ದಿನಗಳಲ್ಲಿ ಪಕ್ಕದಲ್ಲಿ ಯಾರಾದರೂ ಇರಬೇಕು. ಕಥೆಯ ಈ ಉತ್ತರಾರ್ಧವನ್ನು ನಾವು ಮರೆತದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಅದರಲ್ಲಿ ಕಲ್ಲೆಸೆದವರು ನಮ್ಮಂಥವರೇ.

ಹೊರಬಂದವನ ಮೊದಲ ದಿನಗಳು ಹೇಗಿರುತ್ತವೆಂಬುದನ್ನು ಬಲ್ಲವರು ಕಡಮೆ. ನನಗೆ ಪರಿಚಿತರಾದ ಒಬ್ಬ ನಿವೃತ್ತ ಉಪಾಧ್ಯಾಯರು, ಹೊಲದ ಬದುವಿನ ಜಗಳದಲ್ಲಿ ದಾಯಾದಿಯನ್ನು ಕೊಂದು, ಹದಿನಾಲ್ಕು ವರ್ಷಗಳನ್ನು ಒಳಗೆ ಕಳೆದು, ಸನ್ನಡತೆಯ ಮೇಲೆ ಬಿಡುಗಡೆಯಾದ ರೈತನೊಬ್ಬನ ಹೊಣೆಯನ್ನು ತಾವಾಗಿ ವಹಿಸಿಕೊಂಡಿದ್ದರು. ಒಳಗೆ ದುಡಿದ ಕೂಲಿಯ ಹಣವನ್ನು ಬಿಡಿಸಿಕೊಳ್ಳುವುದಕ್ಕೆಂದು ಇಬ್ಬರೂ ಬ್ಯಾಂಕಿಗೆ ಹೋದಾಗ, ಉಪಾಧ್ಯಾಯರು ಒಳಗೆ ಹೋಗಿ ತಿರುಗಿ ನೋಡಿದರೆ ಆ ಮನುಷ್ಯ ಅರೆತೆರೆದ ಬಾಗಿಲ ಹೊರಗೇ ನಿಂತಿದ್ದನಂತೆ. "ಯಾಕಪ್ಪಾ, ಅಲ್ಲೇ ನಿಂತೆ?" ಎಂದು ಕೇಳಿದರು. "ಬಾ ಅಂತ ಯಾರೂ ಅನ್ನಲಿಲ್ಲ ಮೇಷ್ಟ್ರೇ" ಎಂದನು. ಅಷ್ಟು ವರ್ಷಗಳಲ್ಲಿ ಒಂದು ಬಾಗಿಲನ್ನಾದರೂ ತಾನಾಗಿ ತೆರೆದು ಒಳಹೊಕ್ಕವನಲ್ಲ ಅವನು. ಬೆಳಗ್ಗೆ ಎಣಿಕೆಗೆ ನಿಲ್ಲುವುದು, ಸಂಜೆ ಬೆಳಕಿರುವಾಗಲೇ ಉಂಡು ಬ್ಯಾರಕ್ಕು ಸೇರುವುದು, ಎಲ್ಲವೂ ಇನ್ನೊಬ್ಬರ ಅಪ್ಪಣೆಯ ಮೇರೆಗೆ ನಡೆದಿದ್ದವು. ಬ್ಯಾಂಕಿನ ಗುಮಾಸ್ತರು ಕಾಗದಗಳನ್ನು ನೋಡಿ, "ಇಷ್ಟು ವರ್ಷ ಎಲ್ಲಿದ್ರಿ? ಆಧಾರ್ ಇಲ್ಲ, ಫೋನ್ ನಂಬರ್ ಇಲ್ಲ" ಎಂದಾಗ ಅವನ ಕಣ್ಣು ನೆಲಕ್ಕೆ ಇಳಿಯಿತು. ಅದೇ ಪ್ರಶ್ನೆಯನ್ನು ಅವನೊಬ್ಬನೇ ಎದುರಿಸಿದ್ದರೆ ಅಲ್ಲಿಂದ ಹೊರನಡೆದು ಮತ್ತೆಂದೂ ಆ ಕಡೆಗೆ ಸುಳಿಯುತ್ತಿರಲಿಲ್ಲ. ಉಪಾಧ್ಯಾಯರು, "ಊರಲ್ಲಿರಲಿಲ್ಲ, ಈಗ ಬಂದಿದ್ದಾರೆ, ನನಗೆ ಗುರುತಿನವರು. ಯಾವ ಯಾವ ಕಾಗದ ಬೇಕು ಹೇಳಿ, ತರುತ್ತೇವೆ" ಎಂದರು. ಕಾಗದಗಳ ಪಟ್ಟಿ ಕೈಗೆ ಬಂತು. ಅವರು ಮಾಡಿದ್ದು ಇಷ್ಟೇ. ಆದರೆ ಇಷ್ಟನ್ನು ಮಾಡಲು ಬೇಕಾದದ್ದು ಊರಿನಲ್ಲಿ ಒಂದು ಹೆಸರು, ಒಂದು ಬೆಳಗಿನ ಬಿಡುವು, ಮತ್ತು ಅವನ ಪಕ್ಕದಲ್ಲಿ ನಿಂತಿರುವುದನ್ನು ನಾಲ್ಕು ಜನ ನೋಡಿದರೆ ನೋಡಲಿ ಎಂಬ ಧೈರ್ಯ. ಪಡಿತರ ಚೀಟಿಯಿಂದ ಅವನ ಹೆಸರು ಎಂದೋ ಹೊಡೆದುಹೋಗಿತ್ತು, ತಾಯಿ ಅವನು ಒಳಗಿದ್ದಾಗಲೇ ತೀರಿಕೊಂಡಿದ್ದಳು, ಹೊಲ ಪರರ ಸಾಗುವಳಿಯಲ್ಲಿತ್ತು. ಇವುಗಳಲ್ಲಿ ಯಾವುದನ್ನೂ ಒಂದು ದಿನದಲ್ಲಿ ಸರಿಪಡಿಸಲಾಗುವುದಿಲ್ಲ. ಒಂದೊಂದು ಕಚೇರಿಯ ಮೆಟ್ಟಿಲನ್ನೂ ಹತ್ತುವಾಗ ಜೊತೆಗೊಬ್ಬರು ಬೇಕಾಗುತ್ತಾರೆ.

ಅವನನ್ನು ಎದುರುಗೊಳ್ಳಲು ಯಾರೂ ಬರುವುದಿಲ್ಲವೆಂದು ಎಣಿಸುವುದೂ ತಪ್ಪು. ಒಳಗೆ ಪರಿಚಯವಾದ ಹಳೆಯ ಗೆಳೆಯರು ಬರುತ್ತಾರೆ. ಮೊದಲ ವಾರದ ಊಟ, ಬಟ್ಟೆ, ಮಲಗಲು ಜಾಗ ಎಲ್ಲವನ್ನೂ ಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಏನು ಮಾಡಬೇಕೆಂಬುದನ್ನು ಎರಡನೆಯ ವಾರದಲ್ಲಿ ತಿಳಿಸುತ್ತಾರೆ. ಸಜ್ಜನರು ತೆರವು ಮಾಡಿಟ್ಟ ಸ್ಥಳದಲ್ಲಿ ಅವರು ಬಂದು ನಿಲ್ಲುತ್ತಾರೆ. ಅವನು ಮತ್ತೆ ತಪ್ಪಿದಾಗ, ನಾವು ಮೊದಲೇ ಹೇಳಿರಲಿಲ್ಲವೆ ಎನ್ನುವವರು, ತಮ್ಮ ಭವಿಷ್ಯವಾಣಿಯನ್ನು ನಿಜವಾಗಿಸುವುದರಲ್ಲಿ ತಮ್ಮ ಪಾಲೆಷ್ಟೆಂಬುದನ್ನೂ ಲೆಕ್ಕ ಹಾಕಬೇಕು.

ಇನ್ನು ಇದು ಸರ್ಕಾರದ ಕೆಲಸವೆಂಬ ವಾದ. ಸರ್ಕಾರದ ಹೊಣೆಯನ್ನು ನಾನು ಕಿಂಚಿತ್ತೂ ಕಡಮೆ ಮಾಡುವವನಲ್ಲ. ಬಿಡುಗಡೆಯ ಅನಂತರದ ಪೋಷಣೆಯ ಅಗತ್ಯವನ್ನು 1919-20ರ ಭಾರತೀಯ ಕಾರಾಗೃಹ ಸಮಿತಿ ಹೇಳಿತು. ಸ್ವತಂತ್ರ ಭಾರತದಲ್ಲಿ 1950ರ ದಶಕದಲ್ಲಿ ಎಂ. ಎಸ್. ಗೋರೆಯವರ ಅಧ್ಯಕ್ಷತೆಯ ಸಮಿತಿ ಅದೇ ವಿಷಯಕ್ಕೆ ಮೀಸಲಾದ ವರದಿಯನ್ನು ಕೊಟ್ಟಿತು. 1983ರಲ್ಲಿ ನ್ಯಾಯಮೂರ್ತಿ ಎ. ಎನ್. ಮುಲ್ಲಾ ಅವರ ಸಮಿತಿ ಅದನ್ನೇ ಮತ್ತೊಮ್ಮೆ ಒತ್ತಿ ಹೇಳಿತು. ಶತಮಾನವೊಂದು ಕಳೆದರೂ ಗೋಡೆಯ ಹೊರಗಿನ ಕೆಲಸ ಬಹುಮಟ್ಟಿಗೆ ವರದಿಗಳಲ್ಲಿಯೇ ಉಳಿದಿದೆ. ನ್ಯಾಯಾಲಯದ ದೃಷ್ಟಿಯೂ ಪ್ರಾಯಶಃ ಗೋಡೆಯೊಳಗೇ ನಿಂತಿದೆ: ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬನ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ, 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಪ್ರಸಿದ್ಧ ತೀರ್ಪಿನಲ್ಲಿ ಕಾರಾಗೃಹಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಲಾಯಿತು. ಕಿಕ್ಕಿರಿದ ಜನಸಂದಣಿ, ವಿಚಾರಣೆಯ ವಿಳಂಬ, ಹಿಂಸೆ, ಅನಾರೋಗ್ಯ, ಅನ್ನಬಟ್ಟೆಗಳ ಕೊರತೆ, ಭೇಟಿಯ ತೊಡಕು, ಬಯಲು ಬಂದೀಖಾನೆಗಳ ನಿರ್ವಹಣೆ ಮೊದಲಾದ ಆ ಒಂಬತ್ತೂ ಸೆರೆಯಲ್ಲಿರುವವನವು. ಸೆರೆ ಮುಗಿದವನ ಮಾತು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಇದನ್ನು ತೀರ್ಪಿನ ದೋಷವೆಂದು ನಾನು ಹೇಳುತ್ತಿಲ್ಲ. ಸರ್ಕಾರ ಮತ್ತು ನ್ಯಾಯಾಲಯಗಳ ಕೈ ಸ್ವಭಾವತಃ ಎಲ್ಲಿಯವರೆಗೆ ನೀಳುತ್ತದೆಂಬುದಕ್ಕೆ ಇದು ನಿದರ್ಶನ.

ಆದರೆ ಸರ್ಕಾರವೇ ಮಾಡಲೆನ್ನುವವರು ಇತಿಹಾಸವನ್ನು ತಲೆಕೆಳಗು ಮಾಡಿ ಓದಿದ್ದಾರೆ. ಈ ಕ್ಷೇತ್ರದಲ್ಲಿ ಮೊದಲು ನಡೆದವನು ನಾಗರಿಕ, ಅವನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದದ್ದು ಸರ್ಕಾರ. 1841ರಲ್ಲಿ ಅಮೆರಿಕದ ಬಾಸ್ಟನ್ ನಗರದ ನ್ಯಾಯಾಲಯದಲ್ಲಿ ಕುಡುಕನೊಬ್ಬನಿಗೆ ಸ್ವಂತ ಹೊಣೆಯ ಮೇಲೆ ಜಾಮೀನು ನಿಂತು, ಅವನನ್ನು ದಾರಿಗೆ ತಂದ ಜಾನ್ ಆಗಸ್ಟಸ್ ಎಂಬಾತನು ಪಾದರಕ್ಷೆ ಹೊಲಿಯುವ ಕಸುಬಿನವನು. 1859ರಲ್ಲಿ ಸಾಯುವತನಕ ಅವನು ಹೀಗೆ ಹೊಣೆ ಹೊತ್ತವರ ಸಂಖ್ಯೆ ಸುಮಾರು 2,000. ಆ ರಾಜ್ಯವು ಸಂಬಳದ ಅಧಿಕಾರಿಯನ್ನು ನೇಮಿಸುವ ಕಾಯಿದೆ ಮಾಡಿದ್ದು 1878ರಲ್ಲಿ, ಅವನು ಕಣ್ಮುಚ್ಚಿ ಎರಡು ದಶಕಗಳಾಗುತ್ತ ಬಂದಮೇಲೆ. ನಮ್ಮ ದೇಶದ ಶಾಸನವೂ ಈ ಬಾಗಿಲನ್ನು ಮುಚ್ಚಿಲ್ಲ. ಸೆರೆಗೆ ಕಳುಹಿಸದೆ ಮುಚ್ಚಳಿಕೆಯ ಮೇಲೆ ಬಿಡಲ್ಪಟ್ಟವರ ಸಲುವಾಗಿ 1958ರಲ್ಲಿ ಬಂದ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ 13ನೆಯ ಪ್ರಕರಣವು, ಸರ್ಕಾರ ನೇಮಿಸಿದ ಅಧಿಕಾರಿಯಲ್ಲದೆ, ಮಾನ್ಯತೆ ಪಡೆದ ಸಂಘವು ಒದಗಿಸಿದ ವ್ಯಕ್ತಿಯೂ, ವಿಶೇಷ ಸಂದರ್ಭಗಳಲ್ಲಿ ನ್ಯಾಯಾಲಯವು ಅರ್ಹನೆಂದು ಭಾವಿಸಿದ ಬೇರೆ ಯಾವನಾದರೂ ಪರಿವೀಕ್ಷಣೆಯ ಹೊಣೆ ಹೊರಬಹುದೆಂದು ಹೇಳುತ್ತದೆ. ಶಾಸನವು ನಾಗರಿಕನ ಮೇಲಿಟ್ಟಷ್ಟು ನಂಬಿಕೆಯನ್ನು ನಾಗರಿಕನು ತನ್ನ ಮೇಲೆಯೇ ಇಡುತ್ತಿಲ್ಲ.

ಈ ಪ್ರಸಂಗದಲ್ಲಿ ಜಪಾನಿನ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಶಿಜುಒಕಾ ಪ್ರಾಂತದ ಸೆರೆಮನೆಯಲ್ಲಿ ಕಠೋರನೆಂದು ಹೆಸರಾದ ಬಂದಿಯೊಬ್ಬನು ಅಲ್ಲಿನ ಅಧಿಕಾರಿಯ ಹಿತೋಪದೇಶದಿಂದ ಮನ ತಿರುಗಿ, ಇನ್ನೆಂದೂ ಕೆಟ್ಟ ಕೆಲಸ ಮಾಡೆನೆಂದು ಮಾತು ಕೊಟ್ಟು ಹೊರಬಂದನು. ಮನೆಗೆ ಹೋದರೆ ತಂದೆತಾಯಿಗಳು ತೀರಿಕೊಂಡಿದ್ದರು. ಹೆಂಡತಿ ಬೇರೊಬ್ಬನನ್ನು ಮದುವೆಯಾಗಿದ್ದಳು. ನೆಂಟರು ಒಳಗೆ ಸೇರಿಸಲಿಲ್ಲ. ಕದಿಯದೆ ಬದುಕುವ ದಾರಿ ಕಾಣಲಿಲ್ಲ, ಕದ್ದರೆ ಕೊಟ್ಟ ಮಾತು ಮುರಿಯುತ್ತಿತ್ತು. ಅವನು ಮಾತನ್ನು ಉಳಿಸಿಕೊಂಡು ಪ್ರಾಣವನ್ನು ಬಿಟ್ಟನು. ಈ ಸುದ್ದಿಯನ್ನು ಕೇಳಿ ಮನಸ್ಸು ಕಲಕಿದವನು, ತೆನ್‌ರ್ಯೂ ನದಿಯ ಪ್ರವಾಹವನ್ನು ಕಟ್ಟಿಹಾಕುವುದಕ್ಕೂ ಕಾಡು ಬೆಳೆಸುವುದಕ್ಕೂ ತನ್ನ ಸಂಪತ್ತನ್ನು ಸುರಿದ ಉದ್ಯಮಿ ಮೇಯ್‌ಜೆನ್ ಕಿನ್‌ಪಾರಾ. 1888ರಲ್ಲಿ ಆತನು ಬಿಡುಗಡೆಯಾದವರ ರಕ್ಷಣೆಗೆಂದೇ ಒಂದು ಸಂಸ್ಥೆಯನ್ನು ಕಟ್ಟಿದನು. ಆ ಬೀಜದಿಂದ ಬೆಳೆದು ಬಂದ ಪದ್ಧತಿಗೆ 1950ರಲ್ಲಿ ಪ್ರತ್ಯೇಕ ಕಾಯಿದೆಯ ಆಧಾರ ದೊರೆಯಿತು. ಇಂದು ಆ ದೇಶದಲ್ಲಿ ಹೊಗೋಶಿ ಎಂದು ಕರೆಯಲ್ಪಡುವ ಸುಮಾರು 47,000 ಸ್ವಯಂಸೇವಕರಿದ್ದಾರೆ: ಅಂಗಡಿಯವರು, ರೈತರು, ಅರ್ಚಕರು, ಗೃಹಿಣಿಯರು, ನಿವೃತ್ತರು, ಸರಾಸರಿ ವಯಸ್ಸು ಅರವತ್ತೈದರ ಆಸುಪಾಸು. ಸಂಬಳವಿಲ್ಲ, ತಗಲಿದ ವೆಚ್ಚ ಮಾತ್ರ ಮರಳುತ್ತದೆ. ಇದೇ ಕೆಲಸದಲ್ಲಿ ನೇರವಾಗಿ ತೊಡಗಿರುವ ಸಂಬಳದ ಅಧಿಕಾರಿಗಳು ಸುಮಾರು 1,000 ಮಂದಿ. ತಿಂಗಳಿಗೆ ಒಂದೆರಡು ಬಾರಿ, ಹೆಚ್ಚಾಗಿ ತಮ್ಮ ಮನೆಯಲ್ಲಿಯೇ ಚಹಾ ಕೊಟ್ಟು ಕೂರಿಸಿಕೊಂಡು, ಕೆಲಸ ಹೇಗೆ ನಡೆದಿದೆ, ಮನೆಯಲ್ಲಿ ಏನು ಸಮಾಚಾರ ಎಂದು ವಿಚಾರಿಸುವುದು ಆ ಸ್ವಯಂಸೇವಕರ ಪದ್ಧತಿ. ಶಿಸ್ತಿಗೂ ದಕ್ಷತೆಗೂ ಹೆಸರಾದ ಒಂದು ಸರ್ಕಾರವೇ ತನ್ನ ಅಧಿಕಾರಿಗಳಿಂದ ಆಗದ ಕೆಲಸ ಇದೆಂದು ಒಪ್ಪಿಕೊಂಡು ನೆರೆಹೊರೆಯವರ ಮುಂದೆ ಕೈಚಾಚಿರುವಾಗ, ಎಲ್ಲವನ್ನೂ ಸರ್ಕಾರವೇ ಮಾಡಲೆಂದು ನಾವು ಹೇಳುವುದು ಯಾವ ವಿವೇಕ?

ಅಧಿಕಾರಿಯಿಂದ ಏಕಾಗದೆಂಬುದಕ್ಕೆ ಕಾರಣ ಸ್ಪಷ್ಟವಾಗಿದೆ. ಅವನು ಎಷ್ಟೇ ಕರುಣಾಳುವಾಗಿದ್ದರೂ ಅವನ ಲೇಖನಿಯಿಂದ ವರದಿ ಹೊರಡುತ್ತದೆ, ಆ ವರದಿಯಿಂದ ಮತ್ತೆ ಸೆರೆಯಾಗಬಹುದು. ಅಂಥವನ ಮುಂದೆ ಮನುಷ್ಯ ತನ್ನ ದೌರ್ಬಲ್ಯವನ್ನು ಹೇಳಿಕೊಳ್ಳುವುದಿಲ್ಲ. ನಿನ್ನೆ ರಾತ್ರಿ ಮತ್ತೆ ಸೀಸೆಯನ್ನು ಮುಟ್ಟಿದೆನೆಂದಾಗಲಿ, ಹಳೆಯ ಗೆಳೆಯ ಫೋನು ಮಾಡಿದ್ದನೆಂದಾಗಲಿ ಬಾಯಿಬಿಡುವುದಿಲ್ಲ. ಹೇಳಿಕೊಳ್ಳದ ದೌರ್ಬಲ್ಯವು ಒಳಗೇ ಬೆಳೆಯುತ್ತದೆ. ದಂಡಿಸುವ ಅಧಿಕಾರವಿಲ್ಲದವನ ಮುಂದೆ ಮಾತ್ರ ಅಂಥ ಮಾತು ಹೊರಬರುತ್ತದೆ. ಇನ್ನೂ ಒಂದು ವಿಶೇಷವುಂಟು: ಅಧಿಕಾರಿ ಬಂದರೆ ಅದು ಅವನ ಉದ್ಯೋಗವೆಂದು ಹೊರಬಂದವನಿಗೆ ತಿಳಿದಿದೆ; ಸಂಬಳವಿಲ್ಲದೆ ಒಬ್ಬ ತನ್ನ ಭಾನುವಾರವನ್ನು ಕೊಟ್ಟು ಬಂದಾಗ, ತನ್ನಲ್ಲಿ ಏನೋ ಒಂದು ಬೆಲೆಯನ್ನು ಇನ್ನೊಬ್ಬರು ಕಂಡಿದ್ದಾರೆಂಬ ಅರಿವು ಅವನಲ್ಲಿ ಮೊದಲಬಾರಿಗೆ ಮೂಡುತ್ತದೆ. ಆ ಅರಿವನ್ನು ಯಾವ ಇಲಾಖೆಯೂ ಮಂಜೂರು ಮಾಡಲಾರದು.

ಸಹಾಯ ಮಾಡುವವರಲ್ಲಿಯೂ ಒಂದು ತಪ್ಪು ಕಲ್ಪನೆ ಬೇರೂರಿದೆ. ಒಂದು ಕಸುಬು ಕಲಿಸಿ, ಒಂದು ಹೊಲಿಗೆ ಯಂತ್ರ ಕೊಡಿಸಿದರೆ ಕರ್ತವ್ಯ ತೀರಿತೆಂದು ಅವರು ಬಗೆಯುತ್ತಾರೆ. ಕಸುಬು ಬೇಕು, ನಿಜ. ಆದರೆ ಬಟ್ಟೆ ತಂದುಕೊಡುವ ಗಿರಾಕಿ ಇಲ್ಲದೆ ಯಂತ್ರವು ಮೂಲೆ ಸೇರುತ್ತದೆ, ಮೂರನೆಯ ತಿಂಗಳಲ್ಲಿ ಮಾರಾಟವಾಗುತ್ತದೆ. ಆ ಮೊದಲ ಗಿರಾಕಿಯನ್ನು ಕರೆತರುವವನು ಊರಿನ ಪರಿಚಯವುಳ್ಳ ಜೊತೆಗಾರನೇ. ಗಾಂಧಿ ಜಯಂತಿಯಂದು ಸೆರೆಮನೆಗೆ ಹೋಗಿ ಹಣ್ಣು ಹಂಚಿ ಭಾಷಣ ಮಾಡಿ ಬರುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಮರುದಿನ ಬಿಡುಗಡೆಯಾಗತಕ್ಕವನು ಯಾರು, ಅವನು ಎಲ್ಲಿಗೆ ಹೋಗುತ್ತಾನೆ ಎಂದು ಅವರಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ನಮ್ಮ ಕಾರಾಗೃಹಗಳ ಬಂದಿಗಳಿಂದ ನಾಟಕಗಳನ್ನು ಆಡಿಸಿ, ಕೊಲೆಗಾರರೆನಿಸಿಕೊಂಡವರಲ್ಲಿ ಎಂಥ ಸೂಕ್ಷ್ಮ ಚೇತನ ಅಡಗಿದೆಯೆಂಬುದನ್ನು ನಾಡಿಗೆ ತೋರಿಸಿಕೊಟ್ಟರು; ಅದು ಕನ್ನಡ ರಂಗಭೂಮಿಯ ಹೆಮ್ಮೆಯ ಅಧ್ಯಾಯ. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಣ್ಣ ತೊಳೆದ ಮೇಲೆ ಆ ನಟನು ಬಾಡಿಗೆಗೆ ಒಂದು ಕೋಣೆ ಕೇಳಿಕೊಂಡು ಬಂದರೆ ಅದೇ ಪ್ರೇಕ್ಷಕರು ಬಾಗಿಲು ತೆರೆಯುವರೆ? ಆ ಬಾಗಿಲು ತೆರೆಯದ ಹೊರತು ಚಪ್ಪಾಳೆಯಿಂದ ಅವನಿಗಾದ ಪ್ರಯೋಜನವೇನು?

ಎಲ್ಲಕ್ಕಿಂತ ಗೌರವಕ್ಕೆ ಪಾತ್ರವಾದ ಆಕ್ಷೇಪಣೆ ಬೇರೊಂದಿದೆ. ಕೊಂದವನಿಗೆ ಇಷ್ಟೊಂದು ಉಪಚಾರವಾದರೆ ಸತ್ತವನ ಮನೆಯವರಿಗೇನು ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ನಾನು ತಲೆಬಾಗಿಸಿ ಕೇಳುತ್ತೇನೆ. ನೊಂದವರ ಪರಿಹಾರಕ್ಕೆ ಕಾನೂನಿನಲ್ಲಿ ಏರ್ಪಾಟಿದ್ದರೂ ಅದು ಅವರ ಕೈ ಸೇರುವುದು ಸುಲಭವಾಗಿಲ್ಲ. ಅದಕ್ಕಾಗಿ ಹೋರಾಡುವವರು ಇನ್ನೂ ಹೆಚ್ಚಾಗಬೇಕು. ಆದರೆ ನೊಂದವರ ಕಣ್ಣೀರನ್ನು, ಹೊರಬಂದವನ ದಾರಿಗೆ ಅಡ್ಡವಾಗಿ ಹಿಡಿಯುವುದು ನೊಂದವರಿಗೆ ಮಾಡುವ ಸೇವೆಯಲ್ಲ. ಅವನು ದಾರಿ ಕಾಣದೆ ಮತ್ತೆ ಕತ್ತಿ ಹಿಡಿದರೆ ಹೊಸದಾಗಿ ಅಳುವ ಮನೆ ಇನ್ನೊಂದಾಗುತ್ತದೆ. ಜೊತೆಗಾರನು ಅಪರಾಧವನ್ನು ಮರೆಸುವವನೂ ಅಲ್ಲ. ಮುರಿದ ಮೂಳೆಗೆ ಕಟ್ಟಿದ ದಬ್ಬೆಯು ತಾನಾಗಿ ಮೂಳೆಯನ್ನು ಕೂಡಿಸದು; ಮೂಳೆ ತಾನೇ ಕೂಡಿಕೊಳ್ಳುವವರೆಗೆ ಅಲುಗದಂತೆ ಹಿಡಿದಿರುತ್ತದೆ, ಅಷ್ಟೆ. ಮಾಡಿದ್ದು ತಪ್ಪೆಂದು ಒಪ್ಪಿಕೊಳ್ಳುವ ಶಕ್ತಿಯೂ, ನೊಂದ ಮನೆಯ ಎದುರಿಗೆ ತಲೆತಗ್ಗಿಸಿ ನಡೆಯುವ ವಿವೇಕವೂ ಅವನಲ್ಲಿ ಬೆಳೆಯಬೇಕಾದರೆ, ಹಾಗೆ ಹಿಡಿದಿರುವ ಕಾಲ ಬೇಕು.

ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. 2024ರ ಮೇ ತಿಂಗಳಲ್ಲಿ ಜಪಾನಿನ ಓತ್ಸು ನಗರದಲ್ಲಿ ಅಂಥ ಸ್ವಯಂಸೇವಕರೊಬ್ಬರು ತಮ್ಮ ಮನೆಯಲ್ಲಿಯೇ ಕೊಲೆಯಾದರು. ಅವರು ಮಾರ್ಗದರ್ಶನ ಮಾಡುತ್ತಿದ್ದವನ ಮೇಲೆಯೇ ಆರೋಪ ಬಂದಿತು. ಇಡೀ ದೇಶ ತಲ್ಲಣಿಸಿತು; ಮನೆಯಲ್ಲಿ ಭೇಟಿಯಾಗುವ ಪದ್ಧತಿಯ ಬಗ್ಗೆ ಮರುಚಿಂತನೆ ನಡೆಯಿತು. ಆದರೂ ಆ ದೇಶವು ಈ ವ್ಯವಸ್ಥೆಯನ್ನು ಕೈಬಿಡಲಿಲ್ಲ, ಬಿಗಿಪಡಿಸಿತು. ನಾವು ಕಲಿಯಬೇಕಾದದ್ದೂ ಅದನ್ನೇ. ಎಲ್ಲರೂ ಎಲ್ಲರಿಗೂ ಜೊತೆಗಾರರಾಗಲಾರರು. ಯಾರಿಗೆ ಯಾರು ಸರಿಹೊಂದುವರೆಂಬುದನ್ನು ಕಾರಾಗೃಹದ ಅಧಿಕಾರಿಗಳೂ ಪರಿವೀಕ್ಷಣಾಧಿಕಾರಿಗಳೂ ಕೂಡಿ ವಿಚಾರಿಸಿ ಗೊತ್ತುಮಾಡಬೇಕು. ಮೊದಮೊದಲು ಗ್ರಂಥಾಲಯ, ದೇವಸ್ಥಾನದ ಜಗಲಿ, ಸಂಘದ ಕೊಠಡಿಯಂಥ ಸಾರ್ವಜನಿಕ ಸ್ಥಳದಲ್ಲಿ ಭೇಟಿಯಾಗಬೇಕು. ಒಬ್ಬರಿಗಿಂತ ಇಬ್ಬರು ಕೂಡಿ ಹೊಣೆ ಹೊರುವುದು ಮೇಲು. ಸಾಲ ಕೊಡಬಾರದು; ಸಾಲಗಾರನಾದವನು ಮುಖ ತಪ್ಪಿಸುತ್ತಾನೆ. ಉಪದೇಶ ಮಾಡಬಾರದು, ಅವನು ಒಳಗೆ ಸಾಕಷ್ಟು ಕೇಳಿಬಂದಿದ್ದಾನೆ. ಬರುತ್ತೇನೆಂದು ಹೇಳಿದ ಹೊತ್ತಿಗೆ ತಪ್ಪದೆ ಬರಬೇಕು, ಏಕೆಂದರೆ ಕೊಟ್ಟ ಮಾತಿಗೆ ಬಂದು ನಿಲ್ಲುವ ಮನುಷ್ಯರು ಅವನ ಬಾಳಿನಲ್ಲಿ ಬಹಳ ವಿರಳ. ಕೆಲವರು ಇಷ್ಟಾದರೂ ಮತ್ತೆ ತಪ್ಪುತ್ತಾರೆ. ಔಷಧವಿತ್ತ ರೋಗಿಗಳಲ್ಲಿ ಕೆಲವರು ಉಳಿಯಲಿಲ್ಲವೆಂದು ಆಸ್ಪತ್ರೆಯನ್ನು ಮುಚ್ಚಬೇಕೆಂದು ಯಾರೂ ವಾದಿಸುವುದಿಲ್ಲವಷ್ಟೆ.

ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿ, ವಿಜಯಪುರ, ಶಿವಮೊಗ್ಗ, ಧಾರವಾಡಗಳಲ್ಲಿ ಕೇಂದ್ರ ಕಾರಾಗೃಹಗಳಿವೆ. ಜಿಲ್ಲೆಯ ಮತ್ತು ತಾಲೂಕಿನ ಕಾರಾಗೃಹಗಳು ಬೇರೆ. ಪ್ರತಿಯೊಂದು ಜಿಲ್ಲೆಯಲ್ಲಿಯೂ ಕಾನೂನು ಸೇವಾ ಪ್ರಾಧಿಕಾರವಿದೆ. ಅದು ವಕೀಲರಲ್ಲದ ಸಾಮಾನ್ಯ ಜನರನ್ನು ಅರೆಕಾನೂನು ಸ್ವಯಂಸೇವಕರಾಗಿ ಸೇರಿಸಿಕೊಂಡು ತರಬೇತಿ ಕೊಡುತ್ತದೆ, ಅವರನ್ನು ಕಾರಾಗೃಹಗಳಿಗೂ ಕಳುಹಿಸುತ್ತದೆ. ಓದುಗರಲ್ಲಿ ನಿವೃತ್ತರಾದವರು, ಮಕ್ಕಳು ದೊಡ್ಡವರಾಗಿ ಬಿಡುವಾದವರು, ಅಂಗಡಿ ಕಾರ್ಖಾನೆಗಳಲ್ಲಿ ಒಬ್ಬನಿಗೆ ಕೆಲಸ ಕೊಡಬಲ್ಲವರು ಅನೇಕರಿದ್ದೀರಿ. ನಿಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಈ ತಿಂಗಳಲ್ಲಿಯೇ ಪ್ರಾಧಿಕಾರದ ಕಚೇರಿಗೋ, ಕಾರಾಗೃಹದ ಅಧೀಕ್ಷಕರಿಗೋ ಒಂದು ಅರ್ಜಿ ಬರೆದು, ಇಲ್ಲಿಂದ ಬಿಡುಗಡೆಯಾಗತಕ್ಕವರಲ್ಲಿ ಕರೆದೊಯ್ಯಲು ಯಾರೂ ಇಲ್ಲದ ಒಬ್ಬನಿಗೆ ಜೊತೆಯಾಗಲು ಸಿದ್ಧನಿದ್ದೇನೆಂದು ತಿಳಿಸಿರಿ, ಉತ್ತರ ಬಾರದಿದ್ದರೆ ಖುದ್ದಾಗಿ ಹೋಗಿ ಕೇಳಿರಿ.